ಮಡಿ ಡಬ್ಬಿ ಮೇಲಿನ ನಂಬರು

ಸಂಕರ್ಷಣಾ,

ಸಾಲಿಗೆ ತಡ ಆಯ್ತು, ಮಾನ್ವಿ ಬಸ್ಸಿಗೆ ಹೊಂಟೀನಿ.

ನೀ ದುಬೈಯಿಂದ ತಂದ ಲ್ಯಾಪ್‌ಟಾಪ್ ಕೆಟ್ಟದ್ದಕ್ಕ ಕಂಪನಿಗೆ ಫೋನ್ ಮಾಡಿದ್ದೆ, ಇಲ್ಲೂ ವಾರಂಟಿ ನಡೀತದಂತ. ಆದ್ರ ತಳದಾಗಿನ ನಂಬರ್ ಬೇಕಂತ, ಅದೂ ಇವತ್ತ, ನಾಳಿಗೆ ವಾರಂಟಿ ಇರೂದಿಲ್ಲ.

ಆಯುಧ ಪೂಜಿ ದಿನ ಕೀಬೋರ್ಡಿಗೆ ಕುಂಕುಮ ಬೀಳಬಾರದಂತ ಬೋರಲು ಹಾಕಿ ತಳಕ್ಕ ಗಂಧ ಬಳದಿ. ಮರುದಿನ ಹಸಿ ಬಟ್ಟಿಲೆ ನಂಬರ್ ಸಮೇತ ತಿಕ್ಕಿ ತಗದಿ. ಭಾರಿ ಶಾಣ್ಯಾ ನೀ.

ಈಗ ಆ ನಂಬರ್ ಉಳದದ್ದು ಲ್ಯಾಪ್‌ಟಾಪ್ ಬಂದ ಡಬ್ಬಿ ಮ್ಯಾಲ ಅಷ್ಟ. ಅದರಾಗ ಅಜ್ಜಿ ಹೂಬತ್ತಿ ತುಂಬಿ ದೇವರ ಮನ್ಯಾಗ ಇಟ್ಟಾಳ. ನಾ ಮುಟ್ಟಲಿಕ್ಕೆ ಹೋದ್ರ ಮೈಲಿಗಿ ಅಂತ ಬೈದಳು.

ಸ್ನಾನ ಮಾಡಿ, ಮಡಿ ಉಟ್ಟು ನೀನ ಹೋಗು. ಫೋನ್ ಒಳಗ ಒಯ್ಯಬ್ಯಾಡ. ನಂಬರ್ ಬಾಯಿಪಾಠ ಮಾಡ್ಕೊಂಡು ಹೊರಗ ಬಂದು ನನಗ ಕಳಸು.

ನಡುವ ಒಂದಂಕಿ ಮರೆತ್ರ ಮತ್ತ ಸ್ನಾನ.

ಅಕ್ಕ