ನೀರಿಲ್ಲದ ಆಸಿಡ್

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಚೋಟು,

ನಾನು ಚೆನ್ನಾಗಿದ್ದೇನೆ, ಮಂಡಿನೋವು ನನಗಿಂತ ಚೆನ್ನಾಗಿದೆ. ಕಾಗದ ತಡವಾಯಿತು, ಬೈಯಬೇಡ. ನೀನು ಕಳಿಸಿದ ಸಂಶೋಧನಾ ಪ್ರಬಂಧವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆ. ಎರಡನೇ ಅಧ್ಯಾಯಕ್ಕೇ ಐದು ವಾರ ಹಿಡಿಯಿತು. ಪದವಿ ಪ್ರದಾನಕ್ಕೆ ಬರುತ್ತೀಯಾ ಎಂದು ನೀನು ಮೂರು ಸಲ ಕೇಳಿದೆ, ಮೂರು ಸಲವೂ ನಾನು ಮಾತು ಹಾರಿಸಿದೆ. ಇವತ್ತು ಹೇಳಿಬಿಡುತ್ತೇನೆ. ಮೊದಲು ಮಂಗಳವಾರ ನಡೆದದ್ದನ್ನು ಕೇಳು.

ನಮ್ಮ ಶಾಲೆಗೆ ಹೊಸ ಕೆಮಿಸ್ಟ್ರಿ ಮೇಷ್ಟ್ರು ಬಂದಿದ್ದಾರೆ. ನಿನಗಿಂತ ಚಿಕ್ಕವರು, ಬಿಳಿ ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಳ್ಳುತ್ತಾರೆ. ಅಂದು ಮಕ್ಕಳಿಗೆ ಆಸಿಡ್‌ನಲ್ಲಿ ವಿದ್ಯುತ್ ಹರಿಯುವುದನ್ನು ತೋರಿಸಬೇಕಿತ್ತು. ಎಂದಿನಂತೆ ಬೀಕರ್, ಎರಡು ಇಂಗಾಲದ ಕಡ್ಡಿ, ಬ್ಯಾಟರಿ, ಸಣ್ಣ ಕೆಂಪು ದೀಪ ಜೋಡಿಸಿ, ನೀರು ಬೆರೆಸಿದ ಆಸಿಡ್ ಇಟ್ಟಿದ್ದೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. "ಇದು ತೀರಾ ತೆಳು. ಅಪ್ಪಟದ್ದೇ ಹಾಕಿದ್ರೆ ದೀಪ ಹೇಗ್ ಉರಿಯತ್ತೆ ನೋಡ್ತಿರಿ," ಎಂದು ಕಪಾಟಿನಿಂದ ವಿನೆಗರ್‌ನ ಅಪ್ಪಟ ಆಸಿಡ್ ತೆಗೆದು ಸುರಿದರು. ದೀಪ ಮಿಸುಕಲಿಲ್ಲ. ತಂತಿ ಬದಲಿಸಿದರು, ಬ್ಯಾಟರಿ ಬದಲಿಸಿದರು. ಹಿಂದಿನ ಬೆಂಚಿನಿಂದ ಒಬ್ಬಳು, "ಸಾರ್, ಅದಕ್ಕೆ ಇವತ್ತು ರಜಾನಾ?" ಅಂದಳು. ತರಗತಿ ಗೊಳ್ಳೆಂದಿತು. ಮೇಷ್ಟ್ರ ಕಿವಿ ಕೆಂಪಾದವು.

ನಾನು ಹತ್ತಿರ ಹೋಗಿ, "ಸಾರ್, ಸ್ವಲ್ಪ ನೀರು ಹಾಕ್ಲಾ?" ಅಂದೆ.

"ನೀರು ಹಾಕಿದ್ರೆ ಇನ್ನೂ ಸಪ್ಪೆ ಆಗಲ್ವೇನಮ್ಮಾ?"

"ಸಪ್ಪೆ ಆದ್ರೆ ನನ್ನ ಬೈರಿ."

ಬೇರೆ ಆಸಿಡ್ ಆಗಿದ್ದರೆ ಅದರೊಳಕ್ಕೆ ನೀರು ಸುರಿಯುತ್ತಿರಲಿಲ್ಲ, ಸಿಡಿದೀತು; ಇದು ಸಾಧು. ನೀರು ಸುರಿದೆ. ದೀಪ ಮೊದಲು ಮಂಕಾಗಿ, ಆಮೇಲೆ ಚೆನ್ನಾಗಿ ಹತ್ತಿತು. ಮಕ್ಕಳು ಬೆಂಚು ಬಡಿದರು. "ಯಾಕೆ ಹೀಗಾಯ್ತು, ನೀವೇ ಹೇಳಿಬಿಡಿ," ಎಂದು ಮೇಷ್ಟ್ರು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು. ದೊಡ್ಡ ಮನಸ್ಸು. ಈ ಲ್ಯಾಬಿನ ಅಟೆಂಡರ್ ಆಗಿ ಇಪ್ಪತ್ತೆಂಟು ವರ್ಷ ಆ ಹಲಗೆಯನ್ನು ಒರೆಸಿದ್ದೇನೆ, ಅದರ ಮೇಲೆ ಬರೆದದ್ದು ಅಂದೇ.

ನೀನು ಬರೆದದ್ದನ್ನೇ ಹೇಳಿದೆ: ಅಪ್ಪಟ ಆಸಿಡ್‌ನ ಕಣಗಳು ಇಡಿಯಾಗಿ ಕೂತಿರುತ್ತವೆ, ವಿದ್ಯುತ್ತನ್ನು ಹೊರುವವರೇ ಇರುವುದಿಲ್ಲ. ನೀರು ಕೆಲವನ್ನು ಬಿಡಿಸಿ ಎರಡು ಮಾಡುತ್ತದೆ, ಒಂದಕ್ಕೆ ಧನ, ಒಂದಕ್ಕೆ ಋಣ. ಆ ತುಂಡುಗಳು ಒಂದೊಂದು ಕಡ್ಡಿಯತ್ತ ಹೊರಟರೆ ದೀಪ ಹತ್ತುತ್ತದೆ. "ಎಲ್ಲಿ ಓದಿದ್ರಿ?" ಅಂದರು ಮೇಷ್ಟ್ರು. "ನನ್ನ ಮಗಳ ಪುಸ್ತಕದಲ್ಲಿ," ಅಂದೆ. ಆ ನಾಲ್ಕು ಮಾತು ಹೇಳುವಾಗ ನಾನು ಎಷ್ಟು ಎತ್ತರವಿದ್ದೆನೋ ನೀನು ನೋಡಬೇಕಿತ್ತು.

ಈಗ ಸ್ಟಾಫ್ ರೂಮಿನವರೆಲ್ಲ ಆ ಪುಸ್ತಕ ತನ್ನಿ ಎನ್ನುತ್ತಿದ್ದಾರೆ. ನಾಳೆ ತರುತ್ತೇನೆ ಎನ್ನುತ್ತಲೇ ಇದ್ದೇನೆ.

ನಿನ್ನ ಸಮಾರಂಭಕ್ಕೆ ಬರಬೇಕೆಂದು ಜೀವ ಬಡಿದುಕೊಳ್ಳುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕನ್ನಡಕ ಹಾಕದೆ ಪ್ರಯೋಗಕ್ಕೆ ಕೂರಬೇಡ. ನಿನ್ನ ಕೈಗೆ ಯಾವತ್ತೂ ಒಳ್ಳೆಯ ಕೆಲಸವೇ ಸಿಗಲಿ, ನನ್ನ ಕೂಸೇ.

ನಿನ್ನ
ಅಮ್ಮ

ವಿ.ಸೂ.: ಪುಸ್ತಕವನ್ನು ಒಯ್ಯದೇ ಇರುವುದಕ್ಕೆ ಕಾರಣವಿದೆ. ಕೃತಜ್ಞತೆಯ ಪುಟದಲ್ಲಿ "ರಸಾಯನಶಾಸ್ತ್ರದ ಶಿಕ್ಷಕಿಯಾದ ನನ್ನ ತಾಯಿಗೆ" ಎಂದು ಅಚ್ಚು ಹಾಕಿಸಿದ್ದೀಯ. ಕೋಪವಿಲ್ಲ ಚೋಟು. ಆದರೆ ಸಮಾರಂಭದಲ್ಲಿ ನಿನ್ನ ಪ್ರೊಫೆಸರು ಯಾವ ಶಾಲೆಯಲ್ಲಿ ಪಾಠ ಮಾಡುತ್ತೀರಿ ಎಂದು ಕೇಳಿದರೆ, "ಪಾಠ ಮಾಡಲ್ಲ, ಲ್ಯಾಬ್ ಅಟೆಂಡರ್," ಎಂದೇ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಂತಿರುವಾಗಲೇ ಹೇಳುತ್ತೇನೆ. ಒಪ್ಪಿಗೆಯಾದರೆ ಟಿಕೆಟ್ ಕಳಿಸು.