ಹೊನ್ನವ್ವ ಕಚ್ಚಿದ ಕಿವಿ

ತೆಪ್ಪದೂರು, ಹಿನ್ನೀರು ಶಕೆ ತೊಂಬತ್ತೆರಡು, ಎರಡನೆಯ ಬೇಸಿಗೆ
(ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ನೂರಾ ಎಂಬತ್ತರ ಆಸುಪಾಸು)

ನಮಗಿಂತ ಮೊದಲು ಬದುಕಿದವರಿಗೆ ಗಂಗಮಾಳವ್ವನ ಶರಣು.

ನನ್ನ ಮಾತು ನಿಮಗೆ ಒರಟಾಗಿ, ಕೆಲವೆಡೆ ವಿಚಿತ್ರವಾಗಿ ಕಂಡರೆ ಮನ್ನಿಸಿ. ಇಷ್ಟು ತಲೆಮಾರು ಕಳೆದರೆ ಮಾತೂ ಸವೆಯುತ್ತದೆ. ಗಟ್ಟಿನೆಲದವರು, ಎಂದರೆ ಇನ್ನೂ ಮಣ್ಣಿನ ಮೇಲೆ ಮನೆ ಕಟ್ಟಿಕೊಂಡಿರುವವರು, ವರ್ಷಕ್ಕೊಮ್ಮೆ ಕಾಲದ ಹಿಂದಕ್ಕೆ ಒಂದು ಬುಟ್ಟಿ ಕಾಗದ ಕಳಿಸುತ್ತಾರೆ. ಈ ಸಲ ಅದರಲ್ಲಿ ನನಗೂ ಜಾಗ ಸಿಕ್ಕಿದೆ. ಮುಳುಗಿದ ಊರುಗಳ ಸುದ್ದಿಯನ್ನು ಬೇರೆಯವರು ಬರೆದಿದ್ದಾರಂತೆ. ನಾನು ಒಬ್ಬ ಹುಡುಗಿಯ ವಿಷಯ ಬರೆಯುತ್ತೇನೆ.

ನಾವು ಆಲಮಟ್ಟಿಯ ಹಿನ್ನೀರಿನ ಮೇಲೆ ತೆಪ್ಪಗಳಲ್ಲಿ ಬದುಕುವವರು. ತೆಪ್ಪಕ್ಕೆ ತೆಪ್ಪ ಸರಪಳಿಯಿಂದ ಬಿಗಿದು ಓಣಿ ಮಾಡಿಕೊಂಡಿದ್ದೇವೆ. ಬೇರು ನೀರಿನಲ್ಲೇ ಬಿಟ್ಟು ಬೆಳೆಯುವ ನೀರ್ಜೋಳದ ರೊಟ್ಟಿ, ಮೀನು, ಬಾತುಕೋಳಿಯ ಮೊಟ್ಟೆ ನಮ್ಮ ಊಟ. ನಡುಹಗಲನ್ನು ಸುಡುವೇಳೆ ಎನ್ನುತ್ತೇವೆ. ಆಗ ಬಿಸಿಲಿಗೆ ಬಂದರೆ ಚರ್ಮ ಬೊಬ್ಬೆಯೇಳುತ್ತದೆ, ಆದ್ದರಿಂದ ಎಲ್ಲರೂ ನೆರಳುಹಾಸಿನ ಕೆಳಗೆ ಮಲಗುತ್ತೇವೆ. ನಡೆಯಲು ಕಲಿತ ಮಗುವಿನ ಬೆನ್ನಿಗೆ ಸೋರೆಬುರುಡೆ ಕಟ್ಟುತ್ತೇವೆ, ನೀರಿಗೆ ಬಿದ್ದರೆ ತೇಲಲಿ ಎಂದು. ನೀರಿನಿಂದ ಮಕ್ಕಳನ್ನು ಕಾಯುವುದು ನಮಗೆ ಚೆನ್ನಾಗಿ ಗೊತ್ತಿತ್ತು. ಮನುಷ್ಯರಿಂದ ಕಾಯುವುದನ್ನು ನಾವು ತಡವಾಗಿ ಕಲಿತೆವು.

ನನ್ನ ಮಗ ಗದಿಗೆಪ್ಪನಿಗೆ ಆಗ ಮೂರು ವರ್ಷ. ಒಂದು ಬೆಳಿಗ್ಗೆ ಅವನ ಚೀರಾಟ ಕೇಳಿ ಓಡಿದೆ. ಪಕ್ಕದ ಓಣಿಯ ಬಾಳಪ್ಪನ ಮಗಳು ಹೊನ್ನವ್ವ, ಅವಳಿಗೆ ನಾಲ್ಕು, ಅವನ ಎದೆಯ ಮೇಲೆ ಕೂತು ಕಿವಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು. ಅವಳ ಕೈಯಿಂದ ಅವನು ಒಂದು ರೊಟ್ಟಿಚೂರು ಕಸಿದಿದ್ದನಂತೆ, ಅಷ್ಟೇ. ಕೂದಲು ಹಿಡಿದು ಎಳೆದೆ, ಬಿಡಲಿಲ್ಲ. ಬಿಟ್ಟಾಗ ಅರ್ಧ ಕಿವಿ ಅವಳ ಬಾಯಲ್ಲೇ ಉಳಿದಿತ್ತು. ಅದನ್ನು ತೆಪ್ಪದ ಹಲಗೆಯ ಮೇಲೆ ಉಗಿದು ನನ್ನನ್ನೇ ನೋಡಿದಳು. ಆ ಕಣ್ಣಲ್ಲಿ ಹೆದರಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಎದ್ದು ಮನೆಗೆ ಓಡಿದಳು.

ಮಗನನ್ನು ಅತ್ತೆಯ ಮಡಿಲಿಗೆ ಹಾಕಿ ನಾನು ಹುಟ್ಟು ಎತ್ತಿಕೊಂಡು ಬಾಳಪ್ಪನ ತೆಪ್ಪಕ್ಕೆ ಹೋದೆ. ಅವಳ ಹಲ್ಲು ಉದುರಿಸಬೇಕೆಂದೇ ಹೋದೆ. ಅಲ್ಲಿ ಬಾಳಪ್ಪ ಆಗಲೇ ಅವಳನ್ನು ಕಂಬಕ್ಕೆ ಕಟ್ಟಿ, ಒದ್ದೆ ಬಲೆಹಗ್ಗದಿಂದ ಬಾರಿಸುತ್ತಿದ್ದ.

"ಬಾ, ಗಂಗಮಾಳವ್ವ. ನಿನ್ನ ಕಣ್ಣ ಮುಂದ ಬಡೀತೀನಿ. ಸಮಾಧಾನ ಆಗೂತನಕ ಬಡೀತೀನಿ," ಎಂದ.

ಹುಡುಗಿ ಅಳುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಹುಟ್ಟನ್ನು ನೋಡಿ, ಕಟ್ಟಿದ ಹಗ್ಗ ಬಿಟ್ಟಷ್ಟು ತಿರುಗಿ, ಬೆನ್ನನ್ನು ನನ್ನ ಕಡೆ ಕೊಟ್ಟಳು. ಈಗ ನಿನ್ನ ಸರದಿ ಎನ್ನುವ ಹಾಗೆ. ಆ ಬೆನ್ನಿನ ಮೇಲೆ ಹಳೆಯ ಬರೆಗಳ ಮೇಲೆ ಹೊಸ ಬರೆಗಳಿದ್ದವು. ಅವಳ ತಾಯಿ ಸುಂದ್ರವ್ವ ಮೂಲೆಯಲ್ಲಿ ಹಸುಗೂಸಿಗೆ ಹಾಲೂಡುತ್ತ, ನೀರಿನ ಕಡೆ ಮುಖ ಮಾಡಿ ಕೂತಿದ್ದಳು. ಕೂಸು ಮೊಲೆ ಬಿಟ್ಟು ಅರಚುತ್ತಿದ್ದರೂ ಅವಳಿಗೆ ಕೇಳಿಸಿದಂತಿರಲಿಲ್ಲ.

ನಾನು ಹುಟ್ಟನ್ನು ಬೀಸಿದೆ. ಅದು ಬಾಳಪ್ಪನ ಮುಂಗೈಗೆ ಬಿತ್ತು. ಎಲುಬು ಮುರಿದ ಸಪ್ಪಳ ನನಗೇ ಕೇಳಿಸಿತು. ಅವನು ಇನ್ನೊಂದು ಕೈಯಿಂದ ನನ್ನ ಬಾಯಿಗೆ ಗುದ್ದಿದ. ಎರಡು ಹಲ್ಲು ಹೋದವು. ಓಣಿಯವರು ಬಂದು ಹಿಡಿಯದಿದ್ದರೆ ನಮ್ಮಲ್ಲಿ ಒಬ್ಬರು ಆವತ್ತೇ ಸಾಯುತ್ತಿದ್ದರು.

"ನನ್ನನ್ನೂ ಹಿಂಗ ಬೆಳಸ್ಯಾರ! ನಾ ಏನ್ ಸತ್ತೇನಿ?" ಎಂದು ಅವನು ಕೂಗುತ್ತಿದ್ದ.

ಆಗ ಸುಂದ್ರವ್ವ ಮೊದಲ ಸಲ ಬಾಯಿ ತೆರೆದಳು. ಮುಖ ಮಾತ್ರ ತಿರುಗಿಸಲಿಲ್ಲ. "ಆ ಹುಡುಗಿ ಹೊಟ್ಯಾಗಿದ್ದಾಗ್ಲೇ ಒದಿ ತಿಂದೈತ್ರಿ. ಏಳು ತಿಂಗಳಿಗೇ ಹುಟ್ಟಿತು. ಒಂದು ವರ್ಷ ನಾ ಅದರ ಮಾರಿ ನೋಡಿಲ್ಲ. ನೋಡಾಕ ಆಗಲಿಲ್ಲ."

ಆ ಮನೆಯ ಸಪ್ಪಳ ಓಣಿಯವರಿಗೆಲ್ಲ ಮೊದಲಿನಿಂದಲೂ ಕೇಳಿಸುತ್ತಿತ್ತು. ನೆರಳುಹಾಸಿಗೆ ಗೋಡೆಯ ದಪ್ಪ ಇರುವುದಿಲ್ಲ.

ಮರುದಿನ ಕೂಟ ಸೇರಿತು. ಹುಡುಗಿಯನ್ನು ಗಟ್ಟಿನೆಲದ ತಿದ್ದುಮನೆಗೆ ಕಳಿಸಬೇಕೆಂದು ಹಿರಿಯ ಮಾನಿಂಗಪ್ಪ ಹೇಳಿದ. ಒರಟು ಮಕ್ಕಳಿಗೆ ಮಂಪರಿನ ಮದ್ದು ಕುಡಿಸಿ ಸಾಲಾಗಿ ಕೂರಿಸುವ ಜಾಗ ಅದು. ಬಾಳಪ್ಪನೂ ಅಲ್ಲೇ ಬೆಳೆದವನು.

"ಕಚ್ಚೋ ನಾಯಿ ಮರಿ ಇದ್ದಾಗ್ಲೇ ಗೊತ್ತಾಗತೈತಿ," ಎಂದ ಮಾನಿಂಗಪ್ಪ.

ಊದಿದ ಬಾಯಲ್ಲೇ ನಾನು ಎದ್ದು ನಿಂತೆ. "ಕಿವಿ ಹೋಗಿದ್ದು ನನ್ನ ಮಗಂದು. ನಾ ಹೇಳತೀನಿ ಕೇಳ್ರಿ. ಆಕಿನ್ನಲ್ಲ, ಬಾಳಪ್ಪನ್ನ ಕಳಸ್ರಿ."

ಬಹಳ ಜಗಳವಾಯಿತು. ಕೊನೆಗೆ ಬಾಳಪ್ಪನನ್ನು ಹೂಳು ತೆಗೆಯುವ ಶಿಬಿರಕ್ಕೆ ಅಟ್ಟಿದರು. ತಾಯಿ ಮಕ್ಕಳ ತೆಪ್ಪವನ್ನು ನನ್ನ ತೆಪ್ಪಕ್ಕೆ ಬಿಗಿದರು.

ಆಮೇಲೆ ಎಲ್ಲ ಸುಖವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೊನ್ನವ್ವ ನನ್ನ ತೊಡೆ ಕಚ್ಚಿದಳು. ಬಾತುಮರಿಗಳ ಕತ್ತು ತಿರುವಿ ಸಾಲಾಗಿ ಇಟ್ಟಳು. ನಾನು ಬಟ್ಟೆ ಒಣಹಾಕಲು ಕೈ ಎತ್ತಿದರೂ ತಲೆ ಮುಚ್ಚಿಕೊಂಡು ನೆಲಕ್ಕೆ ಕೂರುತ್ತಿದ್ದಳು. ಅದಕ್ಕೇ ನಮ್ಮ ಮನೆಯಲ್ಲಿ ಕೈ ಎತ್ತುವ ಮೊದಲು ಬಾಯಿಬಿಟ್ಟು ಹೇಳುವ ರೂಢಿ ಬಂತು: "ಕೈ ಎತ್ತತೀನಿ, ಬಟ್ಟಿ ಹಾಕಾಕ." ಈಗ ಇಡೀ ಊರೇ ಮಕ್ಕಳ ಮುಂದೆ ಹಾಗೆ ಹೇಳುತ್ತದೆ. ಸುಂದ್ರವ್ವನಿಗೆ ದಿನಾ ಮಗಳ ತಲೆಗೆ ಎಣ್ಣೆ ಹಚ್ಚುವ ಕೆಲಸ ಕೊಟ್ಟೆ. ಮೊದಮೊದಲು ಮುಖ ಆಚೆ ತಿರುಗಿಸಿಯೇ ಹಚ್ಚುತ್ತಿದ್ದಳು. ಒಂದು ಮಳೆಗಾಲದ ಬೆಳಿಗ್ಗೆ ಮಗಳ ಗದ್ದ ಹಿಡಿದೆತ್ತಿ, "ಎಷ್ಟು ನನ್ನಂಗ ಅದೀಯಲ್ಲ," ಎಂದಳು. ಹೊನ್ನವ್ವ ಆವತ್ತು ಸುಡುವೇಳೆಯುದ್ದಕ್ಕೂ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳಿಗೆ ಹದಿಮೂರಾದಾಗ ಬಾಳಪ್ಪ ತಿರುಗಿ ಬಂದ. ಕುಡಿದಿದ್ದ. ಸುಂದ್ರವ್ವನ ಜಡೆ ಹಿಡಿದು ಎಳೆದು ತಲೆಯನ್ನು ಕಂಬಕ್ಕೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ನಾನು ಸರಪಳಿ ದಾಟಿ ಬರುವಷ್ಟರಲ್ಲಿ ಹೊನ್ನವ್ವ ಮೀನಿನ ಈಟಿಯನ್ನು ಅವನ ಪಕ್ಕೆಗೆ ಚುಚ್ಚಿದ್ದಳು. ಅವನು ಹಿಂದಕ್ಕೆ ವಾಲಿ ನೀರಿಗೆ ಬಿದ್ದು ತೆಪ್ಪದಡಿಯ ಸರಪಳಿಗಳಲ್ಲಿ ಸಿಕ್ಕಿಕೊಂಡ. ನೀರು ಕೆಂಪಾಯಿತು. ಯಾರೂ ಅಲುಗಲಿಲ್ಲ. ಧುಮುಕಿದವಳು ಅವಳೇ. ಮುಳುಗಿ, ಮೇಲೆ ಬಂದು, ಮತ್ತೆ ಮುಳುಗಿ ಅವನನ್ನು ಎಳೆದು ತಂದಳು. ಅಷ್ಟರಲ್ಲಿ ಉಸಿರು ಹೋಗಿತ್ತು. ಹೆಣದ ಪಕ್ಕದಲ್ಲಿ ಕೂತು, ನನ್ನ ಕಡೆ ನೋಡಿ, "ಆಯಿ, ನಾನೂ ಅವನೇ ಆದ್ನಲ್ಲ," ಎಂದಳು.

"ಅವ ಯಾರ ಸಲುವಾಗಿಯೂ ನೀರಿಗೆ ಹಾರಲಿಲ್ಲವ್ವಾ," ಎಂದೆ. ಅವಳು ನಂಬಿದಳೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಸುಂದ್ರವ್ವನ ತಲೆಯ ಗಾಯ ಮಾಗಿತು, ಅವಳು ಉಳಿದಳು. ಹೊನ್ನವ್ವನಿಗೀಗ ಇಪ್ಪತ್ನಾಲ್ಕು. ಬಲೆ ಹೆಣೆಯುವ ಒಬ್ಬ ಮೆಲುಮಾತಿನವನನ್ನು ಮದುವೆಯಾಗಿದ್ದಾಳೆ. ಅರ್ಧ ಕಿವಿಯ ಗದಿಗೆಪ್ಪನೇ ಅವಳ ತೆಪ್ಪಕ್ಕೆ ಹೊಸ ಹಲಗೆ ಹೊಡೆದುಕೊಟ್ಟ. ಅವಳೀಗ ತುಂಬಿದ ಬಸುರಿ. ಹೋದ ವಾರ ನನ್ನ ಮುಂದೆ ಎರಡೂ ಅಂಗೈ ಚಾಚಿ, "ಇವು ನನ್ನ ಕೂಸಿಗೆ ಏನ್ ಮಾಡ್ತಾವೋ ಅಂತ ಅಂಜಿಕಿ ಬರತೈತಿ," ಎಂದಳು. ಆವತ್ತೇ ನನ್ನ ಹಾಸಿಗೆ ಅವಳ ತೆಪ್ಪಕ್ಕೆ ಬಂತು.

ಬಾಳಪ್ಪನನ್ನು ಯಾರೋ ಹಾಗೆ ಬೆಳೆಸಿದರು. ಅವರನ್ನು ಇನ್ಯಾರೋ. ಹಾಗೆ ಹಿಂದಕ್ಕೆ ಹೋದರೆ ಅವರಲ್ಲೊಬ್ಬರು ನಿಮ್ಮ ಓಣಿಯಲ್ಲೇ ಇದ್ದಾರೆ, ಇನ್ನೂ ತೊಟ್ಟಿಲಲ್ಲೋ, ಇನ್ನೂ ಹೊಟ್ಟೆಯಲ್ಲೋ. ನಿಮ್ಮ ಕಾಲದಲ್ಲಿ ಮನೆಗಳಿಗೆ ಗೋಡೆಗಳಿದ್ದವೆಂದು ಕೇಳಿದ್ದೇನೆ. ಆದರೂ ಬಸುರಿಯೊಬ್ಬಳು ಪೆಟ್ಟು ತಿನ್ನುವ ಸಪ್ಪಳ ಗೋಡೆ ದಾಟಿ ಬಂದೇ ಬರುತ್ತದೆ. ಬಂದಾಗ ಎದ್ದು ಹೋಗಿ. ಮಗು ಕಚ್ಚುವ ತನಕ ಕಾಯಬೇಡಿ. ನನ್ನ ಬೇಡಿಕೆ ಇಷ್ಟೇ.

ಇನ್ನೂ ಬರೆಯುವುದಿತ್ತು. ಹೊನ್ನವ್ವ ಒಳಗಿನಿಂದ ಕರೆಯುತ್ತಿದ್ದಾಳೆ, ನೋವು ಶುರುವಾಗಿದೆ. ನಾನು ಹೋಗಬೇಕು.