ಕೈ ಕಟ್ಟಿ ಕೂರುವ ವಿದ್ಯೆ

ಗದಗ–ಬೆಟಗೇರಿ
ಕ್ರಿ.ಶ. 2191, ಹದಿಮೂರನೆಯ ತಿಂಗಳು, ಎರಡನೆಯ ದಿನ

ಪ್ರೀತಿಯ ಪೂರ್ಣಿಮಜ್ಜಿಗೆ,

ಮೊದಲು ಈ ತಾರೀಖಿನ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡು ಕಾಗದವನ್ನು ಮಡಚಿ ಎಸೆದುಬಿಡುತ್ತೀ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದು ಬಹಳ ಚಿಕ್ಕದು, ಅದಕ್ಕೆ ಬಿಡುವಿನ ತಿಂಗಳು ಎನ್ನುತ್ತೇವೆ. ನಿಮ್ಮ ಅಧಿಕ ಮಾಸದಂತೆ ಅಪರೂಪಕ್ಕೆ ಬರುವ ಅತಿಥಿಯಲ್ಲ, ಪ್ರತಿವರ್ಷ ಬರುತ್ತದೆ. ಆಗ ಯಾವ ಕೆಲಸಕ್ಕೂ ಗಡುವಿಲ್ಲ, ಯಾರೂ ಯಾರನ್ನೂ ಅವಸರ ಮಾಡುವಂತಿಲ್ಲ. ಹಿಂದೆ ಬಾಳಿದವರಿಗೆ ಕಾಗದ ಬರೆಯಲು ಅಪ್ಪಣೆ ಸಿಗುವುದೂ ಆಗಲೇ. ಅಂಥ ಕಾಗದಕ್ಕೆ ಹಿಂದೋಲೆ ಎಂದು ಹೆಸರು. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನನ್ನ ತಂಗಿ ತನ್ನದನ್ನು ನಿನ್ನ ಕಾಲದ ಯಾವನೋ ಚೆಲುವ ಹಾಡುಗಾರನಿಗೆ ಬರೆದು, ಉತ್ತರ ಬರುವ ದಾರಿಯೇ ಇಲ್ಲವೆಂದು ಆಮೇಲೆ ತಿಳಿದು ಅತ್ತಳು. ನಾನು ನನ್ನದನ್ನು ಮುದುಕಿಯಾಗುವವರೆಗೆ ಜೋಪಾನ ಮಾಡಿದ್ದೆ, ನಿನಗಾಗಿ.

ನಿನ್ನ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದಲೂ ಧ್ವನಿಮುದ್ರಣಗಳಿಂದಲೂ ಕಲಿತಿದ್ದೇನೆ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನಗಿನ್ನೂ ಇಪ್ಪತ್ತಾರು, ಮದುವೆಯ ಮಾತೆತ್ತಿದರೆ ಎದ್ದು ಹೋಗುವ ವಯಸ್ಸು. ನನಗೆ ಅರವತ್ತೊಂದು. ನಿನ್ನನ್ನು ಅಜ್ಜಿ ಎನ್ನಬೇಕೋ ಮಗಳೇ ಎನ್ನಬೇಕೋ ತಿಳಿಯದೆ ನಾಲ್ಕು ಹಾಳೆ ಹರಿದಿದ್ದೇನೆ. ಕೊನೆಗೆ ಅಜ್ಜಿ ಎಂದೇ ಇಟ್ಟುಕೊಂಡೆ. ನಮ್ಮ ಕಡೆ ಅಜ್ಜಿಯನ್ನು ಏಕವಚನದಲ್ಲೇ ಕರೆಯುವುದು, ಹಾಗಾಗಿ ಸಲುಗೆಗೂ ಅಡ್ಡಿಯಿಲ್ಲ.

ನಾನು ಇಂಚರ. ಬೆಟಗೇರಿಯ ಜೊತೆಗಾರರ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮನಸ್ಸಿನ ಕಾಯಿಲೆ ಇರುವವರೊಬ್ಬರು ಕೆಲಸಕ್ಕೆ ಸೇರಬೇಕೆಂದಾಗ, ಕೆಲಸ ಹುಡುಕುವಾಗಲೂ ಸೇರಿದ ಮೇಲೂ ಅವರ ಪಕ್ಕದಲ್ಲಿ ನಿಲ್ಲುವವರಿಗೆ ನಾವು ಜೊತೆಗಾರರು ಎನ್ನುತ್ತೇವೆ. ನಿನ್ನದೂ ಇದೇ ಕೆಲಸ. ಆದರೆ ನಿನ್ನ ಕಾಲದಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ನಿನ್ನ ಅವ್ವನಿಗೆ ಅದು ನಾಲಿಗೆ ಮೇಲೆ ನಿಲ್ಲದೆ ನೆರೆಯವರಿಗೆಲ್ಲ "ನಮ್ಮಾಕಿ ಯಾವ್ದೋ ಆಫೀಸಿನ್ಯಾಗ ಅದಾಳ್ರಿ" ಎಂದು ಹೇಳಿ ಮುಗಿಸುತ್ತಿದ್ದಳಂತೆ. ನಿನಗೆ ಸಿಕ್ಕ ತರಬೇತಿಯೂ ನಮ್ಮ ಮನೆಯಲ್ಲಿ ಪ್ರಸಿದ್ಧ. ಹೋಟೆಲಿನ ಸಭಾಂಗಣದಲ್ಲಿ ಎರಡು ದಿನ, ಪರದೆಯ ಮೇಲೆ ಸರಸರ ಓಡುವ ಅಕ್ಷರ, ಒಂದು ಬಟ್ಟೆಯ ಚೀಲ, ಒಂದು ಪೆನ್ನು, ಮಧ್ಯಾಹ್ನ ಪಲಾವು. ಪಲಾವು ಚೆನ್ನಾಗಿತ್ತಂತೆ. ಕಲಿಸಿದ್ದು ಇಷ್ಟೇ ಆದ್ದರಿಂದ, ನಡೆದದ್ದಕ್ಕೆ ನಾನು ನಿನ್ನನ್ನು ಬೈಯಲಾರೆ.

ನಡೆದದ್ದು ನಿನಗೆ ಗೊತ್ತು. ಆದರೂ ನಮ್ಮ ಮನೆಯಲ್ಲಿ ಅದನ್ನು ಹೇಗೆ ಹೇಳುತ್ತಾರೆಂದು ಕೇಳು. ಮೌನೇಶ ಮೂವತ್ನಾಲ್ಕು ವರ್ಷದವನು. ಅವನಿಗೆ ಬೇರೆಯವರಿಗೆ ಕೇಳದ ದನಿಗಳು ಕೇಳುತ್ತಿದ್ದವು. ಮಾತ್ರೆ ಹಿಡಿದ ಮೇಲೆ ಅವು ಸಣ್ಣಗಾಗಿದ್ದವು, ಪೂರ್ತಿ ಹೋಗಿರಲಿಲ್ಲ. ನೀನು ಅವನನ್ನು ಗುರುಪಾದಪ್ಪನವರ ಬೈಂಡಿಂಗ್ ಅಂಗಡಿಗೆ ಸೇರಿಸಿದೆ. ಅಚ್ಚಾಗಿ ಬಂದ ಹಾಳೆಗಳನ್ನು ಮಡಚುವುದು, ಜೋಡಿಸುವುದು, ದಾರ ಹಾಕಿ ಹೊಲಿಯುವುದು. ಅಂಟಿನ ವಾಸನೆ ಅವನಿಗೆ ಬಹಳ ಇಷ್ಟವಾಯಿತಂತೆ. ಕೆಲಸದ ನಡುವೆ ದನಿಗಳು ಬಂದರೆ "ಸ್ವಲ್ಪ ತಡೀರಿ, ಕೆಲಸ ಐತಿ" ಎಂದು ಅವುಗಳಿಗೇ ಹೇಳಿ ಮತ್ತೆ ಹಾಳೆ ಮಡಚುತ್ತಿದ್ದನಂತೆ. ಇದನ್ನು ಕೇಳಿದಾಗಲೆಲ್ಲ ನಮ್ಮ ಮನೆಯ ಮಕ್ಕಳು ನಗುತ್ತಾರೆ. ಮೌನೇಶನೂ ನಗುತ್ತಿದ್ದನಂತೆ.

ಆದರೆ ಮಾತ್ರೆಯ ಮಂಪರು ಬೆಳಗಿನ ಹೊತ್ತು ಇಳಿಯುತ್ತಿರಲಿಲ್ಲ, ಕೈ ನಿಧಾನವಾಗುತ್ತಿತ್ತು. ಪಕ್ಕದಲ್ಲಿ ಕುಳಿತ ನಿನಗೆ ನೋಡಲಾಗಲಿಲ್ಲ. ಇವನ ಹಾಳೆ ಉಳಿದರೆ ಗುರುಪಾದಪ್ಪ ಏನೆಂದಾರು ಎಂಬ ಭಯ. ಒಂದೆರಡು ಮಡಚಿಕೊಟ್ಟೆ. ಮರುದಿನ ಇನ್ನೂ ಕೆಲವು. ಬರಬರುತ್ತ ಅರ್ಧ ಕೆಲಸ ನಿನ್ನ ಕೈಯದೇ ಆಯಿತು. ಗುರುಪಾದಪ್ಪನವರು ದಿನದ ಕೊನೆಗೆ ಜೋಡಿಸಿಟ್ಟ ಪುಸ್ತಕ ನೋಡಿ "ಹುಡುಗ ಛಲೋ ಅದಾನ" ಎಂದಾಗ ನೀನು ಹಿಗ್ಗಿದೆ. ಆಮೇಲೆ ನಿನಗೆ ಜ್ವರ ಬಂತು. ನೀನಿಲ್ಲದ ದಿನ ಮೌನೇಶನ ಮುಂದೆ ಹಾಳೆಗಳು ಹಾಗೇ ಉಳಿದವು. ಇವನು ಬೇಕೆಂದೇ ಮೈಗಳ್ಳತನ ಮಾಡುತ್ತಾನೆ ಎಂದುಕೊಂಡ ಗುರುಪಾದಪ್ಪನವರು ಅವನನ್ನು ಮನೆಗೆ ಕಳಿಸಿದರು. ನೀನು ಓಡಿಹೋಗಿ ಕೇಳಿದರೆ ಅವರು ಪ್ರೀತಿಯಿಂದಲೇ ಹೇಳಿದ್ದು: "ಅವನ್ನ ಬಿಡ್ರಿ ತಂಗಿ. ನಿಮ್ಮ ಕೈ ಭಾಳ ಚುರುಕದಾವ. ನಾಳಿಂದ ಆ ಕೆಲಸಕ್ಕ ನೀವ ಬರ್ರಿ."

ಅಜ್ಜಿ, ನಗಬೇಡ ಎಂದರೂ ನನಗೆ ನಗು ಬರುತ್ತದೆ. ಒಬ್ಬನಿಗೆ ಕೆಲಸ ಕೊಡಿಸಲು ಹೋಗಿ ಅದೇ ಕೆಲಸವನ್ನು ತಾನೇ ಗಿಟ್ಟಿಸಿಕೊಂಡ ಜೊತೆಗಾರ್ತಿ ಇನ್ನೆಲ್ಲಿ ಸಿಗಬೇಕು! ಆದರೆ ಕತೆ ಇಲ್ಲಿಗೆ ಬಂದಾಗ ನಮ್ಮ ಮಕ್ಕಳೂ ನಗು ನಿಲ್ಲಿಸುತ್ತಾರೆ. ಏಕೆಂದರೆ ಮರುದಿನ ಮೌನೇಶನ ತಾಯಿ ನಿನಗೆ ಫೋನ್ ಮಾಡಿ ಹೇಳಿದರು: "ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡಾನವಾ. ಊಟಕ್ಕ ಕರದ್ರ ಏಳವೊಲ್ಲ. ಮಾತ್ರಿನೂ ಒಲ್ಲೆ ಅಂತಾನ." ಅಂದೇ ನೀನು ರಾಜೀನಾಮೆ ಬರೆದು, ತರಬೇತಿಯಲ್ಲಿ ಕೊಟ್ಟ ಅದೇ ಚೀಲದಲ್ಲಿ ಇಟ್ಟುಕೊಂಡೆ. ಈಗಲೂ ಅದು ಅಲ್ಲೇ ಇದೆ, ಅಲ್ಲವೇ? ಅದನ್ನು ನೀನು ಕೊಟ್ಟರೆ ಬೆಟಗೇರಿಯ ಕಡೆ ಬರಲು ನಿಮ್ಮ ಸಂಸ್ಥೆಯಲ್ಲಿ ಬೇರೆ ಯಾರೂ ಇಲ್ಲ. ಮೌನೇಶನ ಹೆಸರಿನ ಮುಂದೆ 'ಕೆಲಸಕ್ಕೆ ಇನ್ನೂ ಸಿದ್ಧನಿಲ್ಲ' ಎಂದು ಬರೆದು ಮುಚ್ಚುತ್ತಾರೆ. ಅವನು ಗೋಡೆಯ ಕಡೆಗೇ ಮುಖ ಮಾಡಿ ಉಳಿಯುತ್ತಾನೆ.

ನಿನಗೆ ಸ್ವಲ್ಪ ಸಮಾಧಾನವಾಗಲಿ ಎಂದು ನಮ್ಮ ಶಾಲೆಯ ಬಗ್ಗೆ ಹೇಳುತ್ತೇನೆ. ಕಪ್ಪತಗುಡ್ಡದ ಗಾಳಿ ಈಗಲೂ ಊರಿನ ಮೇಲೆ ಬೀಸುತ್ತದೆ, ಅದೇ ಗಾಳಿಯಿಂದ ಓಡುವ ಬಂಡಿಯಲ್ಲಿ ನಮ್ಮ ವಿದ್ಯಾರ್ಥಿಗಳು ಬರುತ್ತಾರೆ. ಇಲ್ಲಿ ಕಲಿಸುವವರಲ್ಲಿ ಅರ್ಧದಷ್ಟು ಜನ ಸ್ವತಃ ಇಂಥ ಕಾಯಿಲೆಯೊಂದಿಗೆ ಬಾಳಿದವರು. ಯಾರಿಗಾದರೂ ಮನಸ್ಸು ಕುಸಿದರೆ ನಮ್ಮೂರಿನಲ್ಲಿ ಮೋಡದ ರಜೆ ಸಿಗುತ್ತದೆ. ಕಾರಣ ವಿವರಿಸಬೇಕಿಲ್ಲ, "ಮೋಡ ಐತ್ರಿ" ಎಂದರೆ ಸಾಕು, ವಾಪಸು ಬಂದಾಗ ಕುರ್ಚಿ ಅಲ್ಲೇ ಇರುತ್ತದೆ. ಪ್ರತಿ ಅಂಗಡಿ, ಕಾರ್ಖಾನೆ, ಖಾನಾವಳಿಯಲ್ಲೂ ಒಂದು ಜೊತೆಪೆಟ್ಟಿಗೆ ಇಟ್ಟಿರುತ್ತಾರೆ. ನಿಮ್ಮ ಕಾಲದಲ್ಲಿ ಗಾಯಕ್ಕೆ ಹಚ್ಚುವ ಔಷಧಿಯ ಡಬ್ಬಿ ಇಟ್ಟುಕೊಳ್ಳುತ್ತಿದ್ದರಲ್ಲ, ಅದರ ಹಾಗೆ. ದನಿಗಳು ಜೋರಾದಾಗ ಕಿವಿಗೆ ಹಾಕಿಕೊಳ್ಳುವ ಮೆತ್ತನೆಯ ಮುಚ್ಚಳ, ಒಂದು ಕೆಲಸವನ್ನು ತುಂಡುತುಂಡಾಗಿ ತೋರಿಸುವ ಚಿತ್ರಗಳು, ಮಾಲೀಕರು ಏನು ಕೇಳಬಹುದು, ಏನು ಕೇಳಬಾರದು ಎಂಬ ಪುಟ್ಟ ಪುಸ್ತಕ. ಅದನ್ನು ಇಂದಿಗೂ ಕೈಯಿಂದಲೇ ಹೊಲಿಯುತ್ತಾರೆ. 'ಕೆಲಸಕ್ಕೆ ಇನ್ನೂ ಸಿದ್ಧನಿಲ್ಲ' ಎಂಬ ಮಾತು ಶಾಲೆಯಲ್ಲಿ ಯಾರ ಬಾಯಲ್ಲಾದರೂ ಬಂದರೆ ಅವರು ಅವತ್ತು ಎಲ್ಲರಿಗೂ ಚಹಾ ಕುಡಿಸಬೇಕು. ಹೊಸಬರು ಬಂದ ವಾರ ನಮಗೆಲ್ಲ ಚಹಾದ ಹಬ್ಬ.

ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಎಲ್ಲರೂ ಹೆದರುವುದು ಒಂದೇ ಪಾಠಕ್ಕೆ. ಅದಕ್ಕೆ ಕೈಕಟ್ಟು ಎಂದು ಹೆಸರು. ಕಲಿಯುವವರು ಒಂದು ಮಣೆಯ ಮೇಲೆ ಕೂರಬೇಕು. ಎದುರಿಗೆ ಒಬ್ಬರು ನಿಧಾನವಾಗಿ, ತಪ್ಪು ಮಾಡುತ್ತ, ಬಿಚ್ಚುತ್ತ, ಮತ್ತೆ ಮಾಡುತ್ತ ಒಂದು ಕೆಲಸ ಮುಗಿಸುತ್ತಾರೆ. ಜೊತೆಗಾರ ಪ್ರಶ್ನೆ ಕೇಳಬಹುದು. ಬೆಳಗಿನ ಹೊತ್ತು ಕಷ್ಟವಾಗುತ್ತದೆಯೇ, ಹನ್ನೊಂದಕ್ಕೆ ಬರುತ್ತೇನೆಂದು ಮಾಲೀಕರ ಹತ್ತಿರ ಮಾತಾಡೋಣವೇ ಎಂದು ಕೇಳಬಹುದು. ಆದರೆ ಕೈ ಹಾಕುವಂತಿಲ್ಲ. ತಡೆಯಲಾರದೆ ಎದ್ದರೆ ಮಣೆ ಹಳೆಯ ಬಾಗಿಲಿನಂತೆ ಕಿರ್ರೆನ್ನುತ್ತದೆ, ಇಡೀ ಶಾಲೆಗೆ ಕೇಳುತ್ತದೆ. ನಾನು ಕಲಿಯುವಾಗ ಮೊದಲ ದಿನ ನನ್ನ ಮಣೆ ಎಷ್ಟು ಕೂಗಿತೆಂದರೆ ಅಡುಗೆಯವರು ಎಣ್ಣೆ ಹಿಡಿದು ಬಂದರು. ನಮ್ಮ ವಂಶದವರಿಗೆ ಕೈ ಕಟ್ಟುವುದು ಇಷ್ಟು ಕಷ್ಟ ಏಕೆ ಎಂದು ಈಗ ನಿನಗೆ ಅರ್ಥವಾಗಿರಬೇಕು. ಕೊನೆಯ ಪರೀಕ್ಷೆ ಇನ್ನೂ ಕಠಿಣ. ಒಳಗೆ ಆ ಇನ್ನೊಬ್ಬರು ಕೆಲಸ ಮಾಡುತ್ತಿರುವಾಗ ಜೊತೆಗಾರ ಹೊರಗೆ ಬಂದು, ತಿರುಗಿ ನೋಡದೆ, ಒಂದು ಲೋಟ ಚಹಾ ಕುಡಿದು ಮುಗಿಸಬೇಕು. ಬಾಯಿ ಸುಟ್ಟುಕೊಂಡವರೇ ಹೆಚ್ಚು.

ಇನ್ನು ನಾನು ಈ ಕಾಗದ ಬರೆದ ಕಾರಣ. ಮೌನೇಶನ ಕತೆ ನಮ್ಮ ಮನೆಗೆ ನಿನ್ನಿಂದಲೇ ಬಂದದ್ದು. ನೀನು ಮುದುಕಿಯಾದ ಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಿದ್ದೆಯಂತೆ. ಚೀಲದಲ್ಲಿ ರಾಜೀನಾಮೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತೆ, ಒಂದು ಬಸ್ಸು ಆಫೀಸಿಗೆ, ಒಂದು ಬಸ್ಸು ಮೌನೇಶನ ಮನೆಯ ಕಡೆಗೆ ಎನ್ನುವವರೆಗೆ ಹೇಳಿ ನಿಲ್ಲಿಸಿಬಿಡುತ್ತಿದ್ದೆ. ಮಕ್ಕಳು "ಆಮ್ಯಾಲೆ?" ಎಂದರೆ "ನೀವ ಹೇಳ್ರಿ" ಎಂದು ಚಹಾ ಕುಡಿಯಲು ಎದ್ದು ಹೋಗುತ್ತಿದ್ದೆ. ಎಂಥ ಹಟಮಾರಿ ಮುದುಕಿ! ನಿನ್ನ ಮೊಮ್ಮಕ್ಕಳೂ ತಮ್ಮ ಮೊಮ್ಮಕ್ಕಳಿಗೆ ಅಲ್ಲಿಗೇ ನಿಲ್ಲಿಸಿದರು. ಹೀಗೆ ನನ್ನವರೆಗೆ ಬಂತು. ಚಿಕ್ಕವಳಿದ್ದಾಗ ನಾನು, ಮೌನೇಶನಿಗೆ ಗುರುಪಾದಪ್ಪ ಒಂದು ಆನೆ ಕೊಡಿಸಿದ ಎಂದು ಕತೆ ಮುಗಿಸಿದ್ದೆನಂತೆ. ದೊಡ್ಡವಳಾದ ಮೇಲೆ ಬೇರೆ ಬೇರೆಯಾಗಿ ಮುಗಿಸಿ ನೋಡಿದೆ. ನಿಜ ಯಾವುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಶಾಲೆ ಇದೆಯಲ್ಲ, ಎಲ್ಲ ಒಳ್ಳೆಯದೇ ಆಗಿರಬೇಕು ಎಂದು ನೀನು ನಿಶ್ಚಿಂತಳಾಗಬೇಡ. ಈ ಶಾಲೆಯನ್ನು ಕಟ್ಟಿದವರು ಬೇರೆ, ನಿನ್ನ ನಂತರದವರು. ನೀನು ಯಾವ ಬಸ್ಸು ಹತ್ತಿದ್ದರೂ ಶಾಲೆ ಆಗುತ್ತಿತ್ತು. ಕೈತಪ್ಪಿ ಹೋಗಬಹುದಾದದ್ದು ಮೌನೇಶನ ಬದುಕು ಮಾತ್ರ.

ಯಾವ ಬಸ್ಸು ಹತ್ತಬೇಕೆಂದು ಹೇಳಿಬಿಡೋಣ, ನಿನ್ನ ಕೈಯಿಂದ ಆ ಚೀಲ ಕಸಿದುಕೊಳ್ಳೋಣ ಎಂದು ನನಗೆ ಎಷ್ಟು ಅನ್ನಿಸುತ್ತದೆಯೋ! ಆದರೆ ಹಾಗೆ ಮಾಡಿದರೆ ನಿನ್ನ ಹಾಳೆಯನ್ನು ನಾನು ಮಡಚಿಕೊಟ್ಟ ಹಾಗಾಗುತ್ತದೆ. ನನಗೆ ಇರುವ ಹಕ್ಕು ಜೊತೆಗಾರರದು, ಒಂದು ಪ್ರಶ್ನೆಯದು. ಅದನ್ನು ಕೇಳುತ್ತೇನೆ. ಕೆಲಸ ಹೋದ ಮೇಲೆ ನೀನು ಗುರುಪಾದಪ್ಪನವರನ್ನು ಕೇಳಿದೆ, ಡಾಕ್ಟರನ್ನು ಕೇಳಿದೆ, ಆಫೀಸಿನವರನ್ನು ಕೇಳಿದೆ, ಅವನ ತಾಯಿಯನ್ನು ಕೇಳಿದೆ. ಮೌನೇಶನನ್ನು ಕೇಳಿದೆಯಾ? ನಿನಗೇನು ಬೇಕಪ್ಪಾ ಎಂದು?

ನಿನ್ನ ಮೇಲೆ ನನಗೆ ಕೋಪವಿಲ್ಲ ಅಜ್ಜಿ, ಒಂದಿಷ್ಟೂ ಇಲ್ಲ. ಅವನ ಹಾಳೆ ಮಡಚಿದ್ದು ಅವನ ಮೇಲಿನ ಅಕ್ಕರೆಯಿಂದ. ಆ ಅಕ್ಕರೆಯೇ ನಮಗೆಲ್ಲ ಬಳುವಳಿಯಾಗಿ ಬಂದಿದೆ, ನಾವು ಅದಕ್ಕೆ ಕೈ ಕಟ್ಟುವುದನ್ನು ಕಲಿಸಿದೆವು, ಅಷ್ಟೇ. ನಿನ್ನನ್ನು ಒಮ್ಮೆಯೂ ನೋಡದೆ ಇಷ್ಟು ಪ್ರೀತಿಸುತ್ತೇನೆಂದು ಹೇಳಲು ಸಂಕೋಚವೇನೂ ಇಲ್ಲ. ಜ್ವರ ಬಿಟ್ಟ ಮೈ, ಬಿಸಿಲಿಗೆ ತಲೆಯ ಮೇಲೆ ಸೆರಗೋ ದುಪಟ್ಟಾನೋ ಏನಾದರೂ ಹಾಕಿಕೊಂಡು ಹೊರಡು.

ಇಲ್ಲಿ ನನ್ನ ಎದುರು ಚಹಾ ಬಂದಿದೆ. ಮಣೆಯ ಮೇಲೆ ಕೈ ಕಟ್ಟಿ ಕುಳಿತಿದ್ದೇನೆ, ತಿರುಗಿ ನೋಡುತ್ತಿಲ್ಲ. ನೀನು ಬಸ್ ಸ್ಟ್ಯಾಂಡಿನಲ್ಲಿದ್ದೀ, ಎರಡೂ ಬಸ್ಸು ಬಂದು ನಿಂತಿವೆ.

ಆಮ್ಯಾಲೆ, ಅಜ್ಜಿ?

ನಿನ್ನ
ಇಂಚರ